ಪೆಡಲ್ ಇಲ್ಲದ ಸೈಕಲ್ಲಿಗೆ ಇಷ್ಟು ದುಡ್ಡಾ?

“ಪೆಡಲ್ ಇಲ್ಲ, ಚೈನ್ ಇಲ್ಲ, ಫ್ರೀವೀಲ್ ಇಲ್ಲ. ಇಲ್ಲದಿರೋದಕ್ಕೆಲ್ಲ ಸೇರಿಸಿ ಏಳು ಸಾವಿರ ಬಿಲ್ ಮಾಡ್ತಾನಲ್ಲಮ್ಮ ಇವನು!”

ಫೋನನ್ನು ಮೊಳದಷ್ಟು ದೂರ ಹಿಡಿದು ಕಣ್ಣು ಕಿರಿದು ಮಾಡಿ ನೋಡುತ್ತಿದ್ದವರು ಮೈಸೂರಿನ ಹಳೇ ಬಡಾವಣೆಯೊಂದರ ಸೈಕಲ್ ಅಂಗಡಿಯವರು. ಗಂಟೆ ಲೆಕ್ಕದಲ್ಲಿ ಸೈಕಲ್ ಬಾಡಿಗೆಗೆ ಕೊಡುತ್ತಿದ್ದ ಕಾಲದಿಂದ ಅದೇ ಮಳಿಗೆಯಲ್ಲಿ ಇದ್ದಾರೆ. ಫೋನ್ ಕೊಟ್ಟಾಕೆಗೆ ಮೂವತ್ತೆರಡು ವಯಸ್ಸು. ತನ್ನ ಸೈಕಲ್ಲಿಗೆ ಹೊಸ ಟ್ಯೂಬ್ ಹಾಕಿಸಲು ಬಂದಿದ್ದರು. ಎರಡೂಕಾಲು ವರ್ಷದ ಮಗ ಸಾಲಾಗಿ ನಿಲ್ಲಿಸಿದ್ದ ಸೈಕಲ್ಲುಗಳ ಬೆಲ್ ಒಂದೊಂದಾಗಿ ಬಾರಿಸಿಕೊಂಡು ಹೋಗುತ್ತಿದ್ದ. ಫೋನಿನಲ್ಲಿದ್ದದ್ದು ಎರಡು ಬ್ಯಾಲೆನ್ಸ್ ಬೈಕುಗಳ ಚಿತ್ರ. ಒಂದರ ಬೆಲೆ ಮೂರೂವರೆ ಸಾವಿರ, ಇನ್ನೊಂದರದು ಏಳು. ಎರಡು ಚಕ್ರ, ಒಂದು ಹ್ಯಾಂಡಲ್, ತಗ್ಗಿನ ಸೀಟು, ಅಷ್ಟೇ. ಮಗು ಸೀಟಿನ ಮೇಲೆ ಕೂತು ಎರಡೂ ಕಾಲಿನಿಂದ ನೆಲ ಒದ್ದುಕೊಂಡು ಮುಂದೆ ಹೋಗಬೇಕು.

“ಮಗು ಕಲೀಬೇಕಾದ್ದು ತುಳಿಯೋದನ್ನಲ್ಲ ಅಂಕಲ್, ಬೀಳದೇ ಇರೋದನ್ನ. ತುಳಿಯೋದು ಮೂರು ಗಾಲಿ ಸೈಕಲ್ಲಲ್ಲೂ ಬರತ್ತೆ.”

“ಬೀಳದೇ ಇರಲಿ ಅಂತ ತಾನೇ ಸೈಡ್ ವೀಲ್ ಇರೋದು? ಅಲ್ಲಿ ತೂಗುಹಾಕಿದೀನಿ ನೋಡಿ, ಹನ್ನೆರಡು ಇಂಚಿಂದು. ಸೈಡ್ ವೀಲ್, ಬಾಸ್ಕೆಟ್, ಬೆಲ್ಲು ಎಲ್ಲಾ ಸೇರಿ ನಾಲ್ಕು ಸಾವಿರ. ಪೆಡಲ್ಲೂ ಉಂಟು.”

“ಸೈಡ್ ವೀಲ್ ಇದ್ರೆ ಸೈಕಲ್ ವಾಲೋದೇ ಇಲ್ವಲ್ಲ! ವಾಲದೆ ಬ್ಯಾಲೆನ್ಸ್ ಬರೋದು ಹೇಗೆ?”

ಇಲ್ಲಿ ಭೌತಶಾಸ್ತ್ರ ಆಕೆಯ ಕಡೆಗಿದೆ. ಸೈಕಲ್ ಎಡಕ್ಕೆ ಬೀಳುವ ಹಾಗಾದರೆ ಸವಾರ ಹ್ಯಾಂಡಲನ್ನು ಎಡಕ್ಕೇ ತಿರುಗಿಸುತ್ತಾನೆ; ಚಕ್ರಗಳು ಬೀಳುತ್ತಿರುವ ಮೈಯ ಕೆಳಗೆ ಬಂದು ಅದನ್ನು ಮತ್ತೆ ಎತ್ತಿ ನಿಲ್ಲಿಸುತ್ತವೆ. ಬಲ್ಲವರು ಇದನ್ನು ನಿಮಿಷಕ್ಕೆ ಹತ್ತಾರು ಬಾರಿ ಗೊತ್ತಿಲ್ಲದೆಯೇ ಮಾಡುತ್ತಿರುತ್ತಾರೆ. ಓಡುವ ಸೈಕಲ್ ತನ್ನಷ್ಟಕ್ಕೆ ಯಾಕೆ ಬೀಳದೆ ಇರುತ್ತದೆ ಎನ್ನುವುದು ವಿಜ್ಞಾನಿಗಳಿಗೂ ಸುಲಭದ ಪ್ರಶ್ನೆಯಾಗಿರಲಿಲ್ಲ. ಚಕ್ರ ಬುಗುರಿಯಂತೆ ಸುತ್ತುವುದೇ ಕಾರಣ ಎಂದು ಬಹಳ ಕಾಲ ನಂಬಿದ್ದರು. ಆ ಬಲವನ್ನು ಹೆಚ್ಚುಕಡಿಮೆ ಇಲ್ಲವಾಗಿಸಿದ ಸೈಕಲ್ಲೊಂದನ್ನು ನೆದರ್ಲೆಂಡ್ಸ್ ಮತ್ತು ಅಮೆರಿಕದ ತಂಡವೊಂದು ಕಟ್ಟಿ, ಅದೂ ಬೀಳದೆ ಓಡುತ್ತದೆಂದು 2011ರಲ್ಲಿ ತೋರಿಸಿತು. ಏನೇ ಇರಲಿ, ವಾಲಿದ ಕಡೆಗೆ ತಿರುಗಿಸುವುದು ಮೂಲಪಾಠ. ಸೈಡ್ ವೀಲ್ ಕಲಿಸುವುದು ಬೇರೆಯದನ್ನೇ. ತಿರುವಿನಲ್ಲಿ ಸೈಕಲ್ ಒಳಕ್ಕೆ ಬಾಗಲು ಅದು ಬಿಡುವುದಿಲ್ಲ, ಮಗುವಿನ ಮೈ ಹೊರಕ್ಕೆ ತೂಗುತ್ತದೆ. ಆ ಚಕ್ರ ಬಿಚ್ಚಿದ ದಿನ ಹಳೆಯ ಅಭ್ಯಾಸವನ್ನು ಮರೆತು ಮೊದಲಿಂದ ಶುರುಮಾಡಬೇಕು.

ಅಂಗಡಿಯವರಿಗೆ ಇದು ಪುಸ್ತಕದಿಂದ ಗೊತ್ತಾಗಬೇಕಾದ್ದಲ್ಲ. “ಸೈಡ್ ವೀಲಿನ ಪಟ್ಟಿ ಒಂದೇ ಕಡೆ ಬಗ್ಗಿರೋ ಸೈಕಲ್ಲು ರಿಪೇರಿಗೆ ಬರ್ತಾನೇ ಇರ್ತವೆ. ಮಗು ಆ ಕಡೆಗೇ ಒರಗಿಕೊಂಡು ಓಡಿಸಿರತ್ತೆ. ಇನ್ನೊಂದು ಹೇಳ್ತೀನಿ ಕೇಳಿ. ರಸ್ತೆ ತಗ್ಗಿರೋ ಕಡೆ ಆ ಎರಡು ಪುಟ್ಟ ಚಕ್ರದ ಮೇಲೇ ಸೈಕಲ್ ಕೂತುಬಿಡತ್ತೆ, ಹಿಂದಿನ ಚಕ್ರ ಗಾಳೀಲಿ ಸುತ್ತತ್ತೆ. ಆಗ ತುಳಿದ್ರೆ ಮುಂದಕ್ಕೆ ಹೋಗಲ್ಲ, ಹಿಂದಿನ ಬ್ರೇಕ್ ಹಿಡಿದ್ರೆ ನಿಲ್ಲಲ್ಲ.”

“ನೀವೇ ಹೇಳ್ತಿದೀರಲ್ಲ ಮತ್ತೆ!”

“ಹೇಳ್ತೀನಮ್ಮ, ಆದ್ರೂ ಮಾರ್ತೀನಿ. ಊರ ಬಾವೀಲಿ ಈಜು ಕಲಿಯೋವಾಗ ಬೆನ್ನಿಗೆ ಖಾಲಿ ಡಬ್ಬ ಕಟ್ತಿದ್ರು. ಡಬ್ಬ ಈಜು ಕಲಿಸಲ್ಲ, ನೀರಿನ ಭಯ ಬಿಡಿಸತ್ತೆ. ಕೆಲವು ಮಕ್ಕಳು ಸ್ವಭಾವಕ್ಕೇ ಪುಕ್ಕಲು. ಸೈಡ್ ವೀಲ್ ಹಾಕಿ ಕೂರಿಸಿದ ದಿನವೇ ಬೀದಿ ಕೊನೆವರೆಗೂ ತುಳ್ಕೊಂಡು ಹೋಗಿ ರಾಜನ ಥರ ವಾಪಸ್ ಬರ್ತವೆ. ಆ ಖುಷಿಗೂ ಒಂದು ಬೆಲೆ ಇಲ್ವಾ?”

ಆಕೆ ಇದಕ್ಕೆ ಎದುರಾಡಲಿಲ್ಲ. ಬದಲಿಗೆ, ನೀವು ಹೇಗೆ ಕಲಿತಿರಿ ಎಂದು ಕೇಳಿದರು.

ಹಳಬರಿಗೆ ಇದಕ್ಕಿಂತ ಇಷ್ಟದ ಪ್ರಶ್ನೆ ಇನ್ನೊಂದಿರಲಾರದು. “ನಮ್ಮಪ್ಪನ ಸೈಕಲ್ಲು, ಬಾರ್ ನನ್ನ ಎದೆ ಮಟ್ಟ. ಎಡಗಾಲು ಪೆಡಲ್ ಮೇಲೆ, ಬಲಗಾಲಲ್ಲಿ ನೆಲ ತಳ್ಳಿಕೊಂಡು ಹೋಗೋದು. ಹಾಗೇ ವಾರಗಟ್ಟಲೆ. ಆಮೇಲೆ ಬಾರ್ ಕೆಳಗೆ ಬಲಗಾಲು ತೂರಿಸಿ ಅರ್ಧ ಪೆಡಲ್. ಸೀಟ್ ಮೇಲೆ ಕೂತದ್ದು ಹೈಸ್ಕೂಲಿಗೆ ಬಂದಮೇಲೆ.”

“ಒಂದು ಕಾಲು ಪೆಡಲ್ ಮೇಲಿಟ್ಟು ಇನ್ನೊಂದು ಕಾಲಲ್ಲಿ ನೆಲ ತಳ್ಳೋದು! ಅಂದ್ರೆ ನೀವು ಮೊದಲು ಕಲಿತದ್ದು ಬ್ಯಾಲೆನ್ಸು, ತುಳಿಯೋದು ಆಮೇಲೆ. ಈ ಏಳು ಸಾವಿರದ ಸಾಮಾನೂ ಅದನ್ನೇ ಅಲ್ವಾ ಮಾಡೋದು?”

ಅಂಗಡಿಯವರು ಟ್ಯೂಬಿಗೆ ಗಾಳಿ ಹೊಡೆಯುವುದನ್ನು ನಿಲ್ಲಿಸಿ ಒಮ್ಮೆ ತಲೆಯೆತ್ತಿದರು. “ಹೌದು. ನಮಗೆ ಅದು ಬಿಟ್ಟಿಯಾಗಿ ಸಿಕ್ತು. ಆ ಸೈಕಲ್ಲಲ್ಲೇ ನಮ್ಮಪ್ಪ ಹಾಲಿನ ಕ್ಯಾನೂ ಹಾಕ್ಕೊಂಡು ಬರ್ತಿದ್ರು. ಮಕ್ಕಳಿಗೆ ಅಂತ ಬೇರೆ ಕೊಳ್ಳೋದೆಲ್ಲಿ ಬಂತು? ವಿಜಯಪುರ, ಬಾಗಲಕೋಟೆ ಕಡೆಯಿಂದ ರಾಷ್ಟ್ರ ಮಟ್ಟಕ್ಕೆ ಹೋದ ಹುಡುಗರು ಎಷ್ಟು ಜನ! ಅವರೆಲ್ಲ ಎರಡು ವರ್ಷಕ್ಕೆ ಇಂಥದ್ದರ ಮೇಲೆ ಕೂತಿದ್ರಾ?”

“ಗೆದ್ದವರನ್ನ ಎಣಿಸ್ತೀರಿ, ಕಲಿಯದೇ ಉಳಿದವರನ್ನ ಎಣಿಸೋರು ಯಾರು? ನಮ್ಮಮ್ಮನಿಗೆ ಇವತ್ತಿಗೂ ಬರಲ್ಲ. ಎದೆ ಮಟ್ಟದ ಬಾರಿನ ಸೈಕಲ್ಲನ್ನ ಲಂಗ ಉಟ್ಟ ಹುಡುಗಿ ಕೈಗೆ ಯಾರು ಕೊಡ್ತಿದ್ರು? ನಾನು ಕಲಿತದ್ದು ಎಂಟನೇ ಕ್ಲಾಸಲ್ಲಿ, ಸರ್ಕಾರದಿಂದ ಸೈಕಲ್ ಬಂದಾಗ.”

ರಾಜ್ಯ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡಲು ಶುರುಮಾಡಿದ್ದು 2006–07ರಲ್ಲಿ. ಹಳ್ಳಿಗಳಲ್ಲಿ ಎಷ್ಟೋ ಹುಡುಗಿಯರು ಸೈಕಲ್ ಮನೆಗೆ ಬಂದಮೇಲೆ ಓಡಿಸಲು ಕಲಿತರು. ಮೊದಲ ಕೆಲವು ದಿನ ಶಾಲೆಯವರೆಗೆ ತಳ್ಳಿಕೊಂಡೇ ಹೋದವರೂ ಇದ್ದರು. ಹದಿಮೂರನೇ ವಯಸ್ಸಿನಲ್ಲಿ ಬಿದ್ದರೆ ಪೆಟ್ಟಿಗಿಂತ ನೋಡುವವರ ನಗುವೇ ಹೆಚ್ಚು ನೋಯಿಸುತ್ತದೆ. ಎರಡು ವರ್ಷದ ಮಗುವಿಗೆ ಆ ಗೊಡವೆ ಇಲ್ಲ. ಅದು ದಿನಕ್ಕೆ ಹತ್ತು ಸಲ ಬೀಳುವುದು ಹೇಗೂ ಇದ್ದದ್ದೇ.

“ಮತ್ತೆ ಇದೇನು ಈಗಿನವರ ಖಯಾಲಿ ಅಲ್ಲ ಅಂಕಲ್. ಲೋಕದ ಮೊದಲ ಸೈಕಲ್ಲಿಗೇ ಪೆಡಲ್ ಇರಲಿಲ್ಲ.”

ಮಾತು ನಿಜ. ಜರ್ಮನಿಯ ಮ್ಯಾನ್‌ಹೈಮ್ ಊರಿನ ಕಾರ್ಲ್ ಡ್ರೈಸ್ 1817ರ ಜೂನ್ 12ರಂದು ಮರದ ಎರಡು ಚಕ್ರದ ಗಾಡಿಯ ಮೇಲೆ ಕೂತು, ಕಾಲಿನಿಂದ ನೆಲ ಒದೆಯುತ್ತ ಸುಮಾರು ಏಳು ಕಿಲೋಮೀಟರ್ ದೂರ ಹೋಗಿ ವಾಪಸ್ ಬಂದ. ಗಾಡಿಯ ತೂಕ ಇಪ್ಪತ್ತು ಕಿಲೋ ಮೇಲೇ. ಮುಂದಿನ ಚಕ್ರಕ್ಕೆ ಪೆಡಲ್ ಕೂರಿಸಿದ ಸೈಕಲ್ಲುಗಳು ಪ್ಯಾರಿಸ್ಸಿನಲ್ಲಿ ಹರಡಿದ್ದು 1860ರ ದಶಕದಲ್ಲಿ. ಅಂದರೆ ನಡುವಿನ ನಾಲ್ಕೈದು ದಶಕ ಸೈಕಲ್ ಎಂದರೆ ದೊಡ್ಡವರ ಬ್ಯಾಲೆನ್ಸ್ ಬೈಕೇ. ಮಕ್ಕಳಿಗಾಗಿ ಅದನ್ನು ಮತ್ತೆ ಬಳಕೆಗೆ ತಂದವರೂ ಜರ್ಮನ್ನರು. ಕೊಕುವಾ ಎಂಬ ಅಲ್ಲಿನ ಕಂಪನಿಯ ಮರದ ಪುಟ್ಟ ಸೈಕಲ್ 1990ರ ದಶಕದ ಕೊನೆಯಲ್ಲಿ ಬಂತು. ಅಮೆರಿಕದ ರಯಾನ್ ಮೆಕ್‌ಫಾರ್ಲೆಂಡ್ ತನ್ನ ಎರಡು ವರ್ಷದ ಮಗನಿಗಾಗಿ ಸಣ್ಣ ಸೈಕಲ್ಲೊಂದರ ಬಿಡಿಭಾಗ ಕಿತ್ತು ಹಗುರ ಮಾಡಿ, 2007ರಲ್ಲಿ ಅದನ್ನೇ ಸ್ಟ್ರೈಡರ್ ಕಂಪನಿಯಾಗಿ ಬೆಳೆಸಿದ.

“ಆ ಡ್ರೈಸ್ ಮಹಾಶಯನ ಗಾಡಿ ಆಮೇಲೆ ಏನಾಯ್ತು?”

“ಮೊದಲು ಜನ ಮುಗಿಬಿದ್ರು. ಆಮೇಲೆ... ರಸ್ತೆ ತುಂಬ ಕುದುರೆಗಾಡಿ ಚಕ್ರದ ಹಳ್ಳ. ಓಡಿಸೋರು ಫುಟ್‌ಪಾತ್ ಹತ್ತಿದ್ರು. ನಡೆಯೋರಿಗೆ ತೊಂದರೆ ಅಂತ ಎಷ್ಟೋ ಊರಲ್ಲಿ ನಿಷೇಧ ಮಾಡಿದ್ರು.”

“ಅಲ್ಲಿಗೆ ಬಂತು ನೋಡಿ! ಇನ್ನೂರು ವರ್ಷದ ಹಿಂದೆ ಜರ್ಮನೀಲೇ ಓಡಿಸೋಕೆ ಜಾಗ ಇರಲಿಲ್ಲ. ನಮ್ಮ ಬೀದೀಲಿ ಎಲ್ಲಿ ಓಡಿಸ್ತೀರಿ?” ಎಂದು ಅವರು ನಕ್ಕರು. ಆಕೆಯೂ ನಕ್ಕರು, ಆದರೆ ಉತ್ತರ ಕೊಡಲಿಲ್ಲ.

ಬದಲಿಗೆ ಪೋರ್ಚುಗಲ್ಲಿನ ಸಂಶೋಧಕರ ಸಮೀಕ್ಷೆಯೊಂದನ್ನು ಎತ್ತಿದರು. ಬ್ಯಾಲೆನ್ಸ್ ಬೈಕಿನಿಂದ ಶುರುಮಾಡಿದ ಮಕ್ಕಳು ಸರಾಸರಿ ನಾಲ್ಕು ವರ್ಷದ ಹೊತ್ತಿಗೆ ಸೈಕಲ್ ಕಲಿತರೆ, ಸೈಡ್ ವೀಲಿನಿಂದ ಶುರುಮಾಡಿದವರಿಗೆ ಸುಮಾರು ಆರು ಬೇಕಾಯಿತಂತೆ.

“ಹೇಗೆ ಲೆಕ್ಕ ಹಾಕಿದ್ರು?”

“ಜನರನ್ನ ಕೇಳಿ, ನೆನಪಿನ ಮೇಲೆ.”

“ಎರಡು ವರ್ಷಕ್ಕೇ ಸೈಕಲ್ ಕೊಡಿಸೋ ಅಪ್ಪ ಅಮ್ಮ ಎಲ್ಲಾನೂ ಬೇಗ ಶುರು ಮಾಡ್ತಾರೆ. ಬೇಗ ಕಲಿತದ್ದು ಸೈಕಲ್ಲಿಂದಲೋ ಅಪ್ಪ ಅಮ್ಮನ ಆತುರದಿಂದಲೋ?”

ಸಂಶೋಧಕರೂ ಒಪ್ಪಬೇಕಾದ ಆಕ್ಷೇಪ ಇದು. ಹಾಗಂತ ಎರಡು ವರ್ಷದ ಅಂತರವನ್ನು ಪೂರ್ತಿ ತಳ್ಳಿಹಾಕುವಂತೆಯೂ ಇಲ್ಲ.

ಅಷ್ಟರಲ್ಲಿ ಹುಡುಗ ಒಂದು ಸೈಕಲ್ಲಿನ ಸ್ಟ್ಯಾಂಡನ್ನು ಒದೆಯಲು ನೋಡಿದ. ಅಂಗಡಿಯವರು ಅವನನ್ನು ಹಿಡಿದು, ಚಪ್ಪಲಿ ಕಳಚಿ, ಬೆನ್ನು ಗೋಡೆಗೆ ಒತ್ತಿ ನಿಲ್ಲಿಸಿದರು. ಬಿಲ್ ಪುಸ್ತಕವನ್ನು ಅವನ ಎರಡು ಕಾಲ ನಡುವೆ ಮೇಲಿನವರೆಗೂ ತಂದು, ಅದರ ಅಂಚು ಗೋಡೆಗೆ ತಾಗಿದಲ್ಲಿ ಪೆನ್ಸಿಲ್ ಗೆರೆ ಎಳೆದರು. ನೆಲದಿಂದ ಟೇಪ್ ಹಿಡಿದರೆ ಮೂವತ್ಮೂರು ಸೆಂಟಿಮೀಟರ್.

“ವಯಸ್ಸು ಬಿಡಿ, ಡಬ್ಬದ ಮೇಲೆ ಎರಡರಿಂದ ಆರು ಅಂತ ಬರೆದಿರೋದನ್ನೂ ಬಿಡಿ. ಈ ಅಳತೆ ಒಂದೇ ಲೆಕ್ಕ. ಸೀಟು ಇದಕ್ಕಿಂತ ಎರಡು ಮೂರು ಸೆಂಟಿಮೀಟರ್ ಕೆಳಗಿರಬೇಕು. ಕೂತಾಗ ಪಾದ ಪೂರ್ತಿ ನೆಲಕ್ಕೂರಿ ಮಂಡಿ ಸ್ವಲ್ಪ ಬಗ್ಗಬೇಕು. ನಿಮ್ಮ ಏಳು ಸಾವಿರದ್ದು ಎಷ್ಟರಿಂದ ಶುರು?”

ಆಕೆ ಫೋನಿನಲ್ಲಿ ಹುಡುಕಿದರು. “ಮೂವತ್ತಾರು.”

“ಮುಗೀತು. ಮಗು ತುದಿಗಾಲಲ್ಲಿ ನಿಲ್ಲತ್ತೆ. ತುದಿಗಾಲಲ್ಲಿ ನಿಂತ ಮಗು ನೆಲ ಹೇಗೆ ಒದೆಯತ್ತೆ? ತೂಕ?”

“ಐದು ಕಿಲೋ. ಇನ್ನೊಂದು ಮೂರು ಕಿಲೋ, ಸೀಟು ಇಪ್ಪತ್ತೊಂಬತ್ತರಿಂದ.”

“ಇವನು ಹನ್ನೆರಡು ಕಿಲೋ ಇರಬಹುದು. ಸೈಕಲ್ ಅದರ ಮೂರನೇ ಒಂದು ಭಾಗ ದಾಟಬಾರದು. ಬಿದ್ದಾಗ ತಾನೇ ಎತ್ತಿಕೊಳ್ಳೋ ಹಾಗಿರಬೇಕು. ಎತ್ತೋಕಾಗದಿದ್ರೆ ಅಮ್ಮನ ಮುಖ ನೋಡಿ ಅಳತ್ತೆ, ಅಲ್ಲಿಗೆ ಪಾಠ ಬಂದ್.”

ಪೆಡಲ್ ಇಲ್ಲದ್ದನ್ನು ಹೀಗಳೆದವರೇ ಈಗ ಅದರ ಆಯ್ಕೆಗೆ ಇಳಿದಿದ್ದರು. ಕಸುಬಿನವರ ಗುಣವೇ ಅದು. ಸಾಮಾನು ಒಪ್ಪದಿದ್ದರೂ ಕೆಟ್ಟ ಸಾಮಾನು ಕೊಳ್ಳಲು ಬಿಡುವುದಿಲ್ಲ. ಚಕ್ರ ಎತ್ತಿ ತಿರುಗಿಸಿ ಎಂದರು. ಒಳಗೆ ಬೇರಿಂಗ್ ಇದ್ದರೆ ಸದ್ದಿಲ್ಲದೆ ಸುತ್ತುತ್ತಲೇ ಇರುತ್ತದೆ, ಬರೀ ಪ್ಲಾಸ್ಟಿಕ್ ಬುಶ್ ಆದರೆ ಬೇಗ ನಿಂತುಬಿಡುತ್ತದೆ. ಮುಂದಿನ ಚಕ್ರವನ್ನು ಮಂಡಿ ನಡುವೆ ಹಿಡಿದು ಹ್ಯಾಂಡಲ್ ತಿರುಚಿದಾಗ ಅಲುಗಬಾರದು. ಹ್ಯಾಂಡಲ್ ತುದಿಯ ರಬ್ಬರ್ ದಪ್ಪಗಿರಬೇಕು, ಬಿದ್ದಾಗ ಕಬ್ಬಿಣದ ಕೊಳವೆ ಹೊಟ್ಟೆಗೆ ಚುಚ್ಚಬಾರದು. ಬೋಲ್ಟಿನ ತುದಿ ಕಣಕಾಲಿಗೆ ತರಚುವ ಹಾಗೆ ಹೊರಗೆ ಚಾಚಿರಬಾರದು. ಆಟಿಕೆ ಎಂದು ಮಾರುತ್ತಿದ್ದರೆ ಐಎಸ್‌ಐ ಗುರುತು ಕೇಳಿ ಎಂದೂ ಹೇಳಿದರು. ಹದಿನಾಲ್ಕು ವರ್ಷದೊಳಗಿನವರ ಆಟಿಕೆಗಳಿಗೆ ಅದು 2021ರ ಜನವರಿಯಿಂದ ಕಡ್ಡಾಯ.

“ಬ್ರೇಕ್? ದೊಡ್ಡದರಲ್ಲಿದೆ, ಚಿಕ್ಕದರಲ್ಲಿಲ್ಲ.”

“ಈ ಬೆರಳಿಗೆ ಬ್ರೇಕ್ ಹಿಡಿಯೋ ಶಕ್ತಿ ಎಲ್ಲಿ ಬಂತು? ಮೂರು ಮೂರೂವರೆ ಆಗಬೇಕು. ಅಲ್ಲೀವರೆಗೂ ಕಾಲೇ ಬ್ರೇಕು. ಅದಕ್ಕೇ ಚಪ್ಪಲಿ ಬೇಡ. ಬೆರಳು ಮುಚ್ಚೋ ಶೂ ಹಾಕಿ, ತುದಿ ಬೇಗ ಸವೆಯತ್ತೆ, ಬೈಬೇಡಿ.”

“ಹೆಲ್ಮೆಟ್ ಅಂತೂ ಹಾಕ್ತೀನಿ.”

“ಇಷ್ಟು ಎತ್ತರದಿಂದ ಬೀಳೋಕೆ ಹೆಲ್ಮೆಟ್ಟಾ?”

“ನಡೆಯೋವಾಗ ಬೀಳೋದೇ ಬೇರೆ, ವೇಗದಲ್ಲಿ ಬೀಳೋದೇ ಬೇರೆ. ಇವು ಎಷ್ಟು ಜೋರಾಗಿ ಹೋಗ್ತವೆ ಅಂತ ನೀವು ನೋಡಿಲ್ಲ. ಹುಬ್ಬಿನಿಂದ ಎರಡು ಬೆರಳು ಮೇಲೆ ಕೂತಿರಬೇಕು, ಅಷ್ಟೇ. ಪಾರ್ಕಿನಲ್ಲಿ ಜಾರುಬಂಡೆ ಹತ್ತೋಕೆ ಮುಂಚೆ ಮಾತ್ರ ಬಿಚ್ಚಿಬಿಡಬೇಕು. ಸಂದೀಲಿ ಹೆಲ್ಮೆಟ್ ಸಿಕ್ಕಿಕೊಂಡ್ರೆ ಪಟ್ಟಿ ಕತ್ತಿಗೆ ಬಿಗಿಯತ್ತೆ.”

ಈ ಕೊನೆಯ ಮಾತು ಅಂಗಡಿಯವರಿಗೆ ಹೊಸದು. ಹೆಲ್ಮೆಟ್ ವಿಷಯ ಅಲ್ಲಿಗೆ ಬಿಟ್ಟರು.

ಚೌಕಾಸಿಯ ಕೊನೆಯ ಅಸ್ತ್ರವಾಗಿ ಅವರು ಮೂಲೆಯಲ್ಲಿದ್ದ ಹಳೇ ಹನ್ನೆರಡು ಇಂಚಿನ ಸೈಕಲ್ಲನ್ನು ಎಳೆದು ತಂದರು. “ಇದರ ಪೆಡಲ್ ಬಿಚ್ಚಿ ಕೊಡ್ತೀನಿ. ಎಡಗಡೇದು ಉಲ್ಟಾ ತ್ರೆಡ್, ಮನೇಲಿ ಬಿಚ್ಚೋಕೆ ಹೋದವರೆಲ್ಲ ಬಿಗಿ ಮಾಡಿಕೊಂಡೇ ಬರ್ತಾರೆ. ಬ್ಯಾಲೆನ್ಸ್ ಬಂದ ದಿನ ಮತ್ತೆ ಹಾಕಿಸ್ಕೊಂಡ್ರೆ ಆಯ್ತು. ಒಂದೇ ಸೈಕಲ್, ಎರಡು ಕೆಲಸ.”

ಆಕೆ ಟೇಪ್ ಇಸಿದುಕೊಂಡು ಸೀಟಿನಿಂದ ನೆಲಕ್ಕೆ ಹಿಡಿದರು. ಪೂರ್ತಿ ಇಳಿಸಿದರೂ ನಲವತ್ಮೂರು. “ನೀವೇ ಹೇಳಿದ ಲೆಕ್ಕ ಅಂಕಲ್.”

ಅವರು ಗಲ್ಲ ಕೆರೆದುಕೊಂಡರು. ತೂಕವೂ ಒಂಬತ್ತು ಕಿಲೋ ಸಮೀಪ. ಆದರೂ ಉಪಾಯ ಪೂರ್ತಿ ಸೋಲಲಿಲ್ಲ. ಆಕೆಯ ನಾದಿನಿಯ ಮಗನಿಗೆ ಐದು ವರ್ಷ, ಸೈಡ್ ವೀಲ್ ಬಿಚ್ಚಿದರೆ ಅಳುತ್ತಾನಂತೆ. “ಅವನಿಗೆ ಹೊಸದೇನೂ ಬೇಡ. ಇರೋ ಸೈಕಲ್ಲಿನ ಸೈಡ್ ವೀಲ್, ಪೆಡಲ್ ಎರಡೂ ಬಿಚ್ಚಿ, ಪಾದ ಊರೋ ಹಾಗೆ ಸೀಟ್ ಇಳಿಸಿ ಬಿಟ್ಟುಬಿಡಿ. ಆ ವಯಸ್ಸಿಗೆ ಬ್ಯಾಲೆನ್ಸ್ ಬೈಕ್ ಅಂತ ಯಾರಾದ್ರೂ ಮಾರಿದ್ರೆ ದಂಡ,” ಎಂದು ಅಂಗಡಿಯವರು ಅಂದಾಗ ಆಕೆ ತಕ್ಷಣ ಒಪ್ಪಿದರು. ಇಡೀ ಸಂಜೆ ಇಬ್ಬರೂ ಎರಡು ಮಾತಿಲ್ಲದೆ ಒಪ್ಪಿದ್ದು ಇದೊಂದನ್ನೇ.

ಕಲಿಸುವ ಕ್ರಮದಲ್ಲಿ ಮತ್ತೆ ಜಗಳ. ಒಂದೂವರೆ ವರ್ಷದ ಮಕ್ಕಳು ಇಳಿಜಾರಿನಲ್ಲಿ ಕಾಲೆತ್ತಿ ಜಾರುವ ವಿಡಿಯೋಗಳನ್ನು ಆಕೆ ತೋರಿಸಿದರು. “ಅದು ನೂರನೇ ದಿನದ ವಿಡಿಯೋ ಅಮ್ಮ, ಮೊದಲ ದಿನದ್ದು ಯಾರೂ ಹಾಕಲ್ಲ,” ಎಂದರು ಅವರು. ಮೊದಲು ಮಗು ಸೀಟಿನ ಮೇಲೆ ಕೂರುವುದೇ ಇಲ್ಲ. ಸೈಕಲ್ಲನ್ನು ಕಾಲ ಸಂದಿಯಲ್ಲಿಟ್ಟುಕೊಂಡು ನಿಂತೇ ನಡೆಯುತ್ತದೆ. ಆಮೇಲೆ ಕೂತು ನಡೆಯುತ್ತದೆ, ಆಮೇಲೆ ಕೂತು ಓಡುತ್ತದೆ. ಒಂದು ದಿನ ಎರಡೂ ಕಾಲು ಒಟ್ಟಿಗೆ ಮೇಲೇಳುತ್ತವೆ. ಈ ನಡುವೆ ವಾರಗಟ್ಟಲೆ ಮುಟ್ಟದೆ ಮೂಲೆಗೆ ತಳ್ಳುವ ಮಕ್ಕಳೂ ಇದ್ದಾರೆ.

“ಆಗ ಸೀಟ್ ಹಿಡ್ಕೊಂಡು ಸ್ವಲ್ಪ ತಳ್ಳಬಹುದಲ್ಲ, ಹುರುಪು ಬರಲಿ ಅಂತ?”

“ಬೇಡ. ನೀವು ಹಿಡಿದ್ರೆ ವಾಲೋದನ್ನ ತಡೆಯೋದು ನಿಮ್ಮ ಕೈ. ಸೈಡ್ ವೀಲ್ ಮಾಡೋ ಕೆಲಸವನ್ನೇ ನೀವು ಮಾಡಿದ ಹಾಗಾಯ್ತು.”

ಸೈಡ್ ವೀಲ್ ಮಾರುವವರ ಬಾಯಿಂದ ಈ ಮಾತು ಬಂದದ್ದಕ್ಕೆ ಆಕೆ ಹುಬ್ಬೇರಿಸಿದರು. ಅವರು ನೋಡದವರಂತೆ ಪಂಪನ್ನು ಗೋಡೆಗೆ ಒರಗಿಸಿದರು.

“ಸರಿ, ಆಗ ನೀವು ಉತ್ತರ ಕೊಡಲಿಲ್ಲ. ಎಲ್ಲಿ ಓಡಿಸ್ತೀರಿ?”

“ಮನೆ ಮುಂದೆ ಕಾಂಕ್ರೀಟ್ ರಸ್ತೆ ಇದೆ.”

“ಗೇಟಿನಿಂದ ರಸ್ತೆಗೆ ಕಾರ್ ಇಳಿಸೋ ಇಳಿಜಾರು ಇದೆ ತಾನೇ? ಕಾಲೆತ್ತೋದು ಕಲಿತ ದಿನ ಮಗು ಅಲ್ಲಿಂದ ಸೀದಾ ರಸ್ತೆ ಮಧ್ಯಕ್ಕೆ. ಬ್ರೇಕ್ ಇಲ್ಲ. ಇಷ್ಟು ತಗ್ಗಿರೋದು ಕಾರಿನವನ ಕಣ್ಣಿಗೆ ಬೀಳೋದೂ ಇಲ್ಲ. ಸೈಡ್ ವೀಲ್‌ದು ಅಷ್ಟು ಬೇಗ ಕೈಮೀರಲ್ಲ. ಹಗಲು ಮಗು ಯಾರ ಹತ್ರ ಇರತ್ತೆ?”

“ನಮ್ಮತ್ತೆ.”

“ಮಂಡಿ ನೋವಿದೆಯಾ?”

ಆಕೆ ಸುಮ್ಮನಾದರು. ಮಂಡಿ ನೋವಿರುವ ಅಜ್ಜಿ ಮೂರು ಗಾಲಿಯ ಹಿಂದೆ ನಡೆಯಬಲ್ಲರು. ಕಾಲೆತ್ತಿ ಜಾರುವ ಮೊಮ್ಮಗನ ಹಿಂದೆ ಓಡಲಾರರು. ಯಾವ ಸೈಕಲ್ ಒಳ್ಳೆಯದು ಎಂಬ ಪಟ್ಟಿಗಳಲ್ಲಿ ಚಕ್ರ, ಸೀಟು, ಬಣ್ಣ ಎಲ್ಲ ಇರುತ್ತವೆ, ಹಿಂದೆ ಓಡುವವರ ವಯಸ್ಸು ಇರುವುದಿಲ್ಲ.

“ಹಾಗಾದ್ರೆ ವಾರದ ದಿನ ಹಾಲ್‌ನಲ್ಲಿ,” ಎಂದರು ಕೊನೆಗೆ. “ಹೊರಗೆ ಭಾನುವಾರ ಮಾತ್ರ, ನಾನಿರುವಾಗ, ಸ್ಕೂಲ್ ಮೈದಾನದಲ್ಲಿ.”

“ಹಾಲ್‌ನಲ್ಲಾದ್ರೆ ಈ ಮೂರೂವರೆ ಸಾವಿರದ ಫೋಮ್ ಚಕ್ರದ್ದು ಸರಿ. ಹಗುರ, ಪಂಕ್ಚರ್ ಇಲ್ಲ, ನನಗೂ ವ್ಯಾಪಾರ ಇಲ್ಲ. ಒದ್ದೆ ನೆಲದಲ್ಲಿ ಮಾತ್ರ ಜಾರತ್ತೆ, ನೆಲ ಒರೆಸಿದ ತಕ್ಷಣ ಬಿಡಬೇಡಿ. ಮೈದಾನದ ಮಣ್ಣಿಗೆ, ಜಲ್ಲಿಗೆ ಅದು ಆಗಲ್ಲ, ಕುಲುಕಿ ಕುಲುಕಿ ಮಗು ಇಳಿದುಬಿಡತ್ತೆ. ಅಲ್ಲಿಗೆ ಗಾಳಿ ಟೈರೇ ಬೇಕು.”

“ಗಾಳಿ ಟೈರಿನದು ಆ ಏಳು ಸಾವಿರದ್ದು, ಅದರ ಸೀಟು ಎತ್ತರ ಅಂದ್ರಲ್ಲ.”

“ಆರು ತಿಂಗಳು ಕಾಯಿರಿ, ಕಾಲು ಉದ್ದ ಆಗತ್ತೆ.”

“ಆರು ತಿಂಗಳಿಗೆ ಮಳೆಗಾಲ ಬರತ್ತೆ ಅಂಕಲ್.”

“ಬರತ್ತೆ,” ಎಂದರು ಅವರು. “ಟ್ಯೂಬಿಗೆ ನೂರೈವತ್ತು ಕೊಡಿ.”